ಕಲಂ ಓದುವ ಕಣ್ಣು, ಕೋಡ್ ಬರೆಯುವ ಕೈ

ಕಾರ್ಕಳದ ನ್ಯಾಯಾಲಯದಲ್ಲಿ ಒಂದು ಕೈಸಾಲದ ದಾವೆ ಇದೆ ಎಂದುಕೊಳ್ಳಿ. ಕೊಟ್ಟ ಹಣಕ್ಕೆ ಪತ್ರವಿಲ್ಲ. ಇರುವುದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಧ್ವನಿ ಸಂದೇಶ ಮಾತ್ರ. ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸಬೇಕಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಜೊತೆಗೊಂದು ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಎರಡು ಭಾಗ. ಒಂದಕ್ಕೆ ಆ ಸಾಧನ ಯಾರ ಸುಪರ್ದಿಯಲ್ಲಿತ್ತೋ ಅವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಎರಡರಲ್ಲೂ ಕಡತದ ‘ಹ್ಯಾಶ್’ ಮೌಲ್ಯ ಬರೆಯಬೇಕು. ಅದನ್ನು ಯಾವ ವಿಧಾನದಿಂದ ತೆಗೆದದ್ದು ಎಂದು ಚೌಕದೊಳಗೆ ಗುರುತು ಹಾಕಬೇಕು: ಎಸ್‌ಎಚ್‌ಎ1, ಎಸ್‌ಎಚ್‌ಎ256, ಎಂಡಿ5, ಅಥವಾ ಬೇರೆ. 1872ರ ಸಾಕ್ಷ್ಯ ಕಾಯ್ದೆಯನ್ನು ಓದಿ ವಕೀಲಿಕೆಗೆ ಇಳಿದ ತಲೆಮಾರಿನ ಮುಂದೆ ಈಗ ಈ ಚೌಕಗಳಿವೆ.

ಹ್ಯಾಶ್ ಎಂದರೆ ಕಡತದ ಹೆಬ್ಬೆಟ್ಟಿನ ಗುರುತು. ಧ್ವನಿಯೋ ಚಿತ್ರವೋ ಪತ್ರವೋ, ಎಷ್ಟೇ ದೊಡ್ಡದಿರಲಿ, ಒಂದು ಗಣಿತ ಸೂತ್ರದ ಮೂಲಕ ಹಾಯಿಸಿದರೆ ನಿಗದಿತ ಉದ್ದದ ಒಂದು ಅಕ್ಷರ-ಅಂಕಿಗಳ ಸರಣಿ ಹೊರಬರುತ್ತದೆ. ಎಸ್‌ಎಚ್‌ಎ256 ಆದರೆ ಅದನ್ನು 64 ಚಿಹ್ನೆಗಳಲ್ಲಿ ಬರೆಯುತ್ತಾರೆ. ಮೂಲದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸರಣಿ ಪೂರ್ತಿ ಬೇರೆಯಾಗುತ್ತದೆ. ಪೊಲೀಸರು ಫೋನ್ ವಶಪಡಿಸಿಕೊಂಡ ದಿನ ತೆಗೆದ ಹ್ಯಾಶ್, ವಿಚಾರಣೆಯ ದಿನ ತೆಗೆದ ಹ್ಯಾಶ್ ಎರಡೂ ಒಂದೇ ಆಗಿದ್ದರೆ ನಡುವೆ ಯಾರೂ ಕಡತವನ್ನು ತಿದ್ದಿಲ್ಲ ಎಂದು ನ್ಯಾಯಾಲಯ ನಂಬಬಹುದು.

ಆದರೆ ಆ ನಾಲ್ಕು ಚೌಕಗಳ ಬಲ ಒಂದೇ ಅಲ್ಲ. ಎರಡು ಬೇರೆ ಬೇರೆ ಕಡತಗಳಿಗೆ ಒಂದೇ ಎಂಡಿ5 ಮೌಲ್ಯ ಬರುವಂತೆ ಮಾಡಬಹುದು ಎಂದು ಚೀನಾದ ಸಂಶೋಧಕರು 2004ರಲ್ಲೇ ತೋರಿಸಿದ್ದರು. 2017ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್ ಸೇರಿ ಒಂದೇ ಎಸ್‌ಎಚ್‌ಎ1 ಮೌಲ್ಯವಿರುವ ಎರಡು ಭಿನ್ನ ಪಿಡಿಎಫ್‌ಗಳನ್ನು ಜಗತ್ತಿನ ಮುಂದಿಟ್ಟವು. ಹೀಗಿದ್ದೂ ನಮ್ಮ ಕಾನೂನಿನ ನಮೂನೆಯಲ್ಲಿ ಈ ಎರಡೂ ಉಳಿದಿವೆ. ಇದರರ್ಥ ಎಂಡಿ5 ಹಾಕಿದ ಸಾಕ್ಷ್ಯವೆಲ್ಲ ಸುಳ್ಳು ಎಂದಲ್ಲ. ಮೊದಲೇ ಇರುವ ಒಂದು ಕಡತಕ್ಕೆ ಸರಿಹೊಂದುವ ಇನ್ನೊಂದನ್ನು ಹುಟ್ಟಿಸುವುದು ಈಗಲೂ ಯಾರ ಕೈಗೂ ಎಟಕಿಲ್ಲ. ಒಂದೇ ಗುರುತಿನ ಜೋಡಿ ಕಡತಗಳನ್ನು ಮೊದಲಿನಿಂದಲೇ ತಯಾರಿಸಿಟ್ಟುಕೊಳ್ಳುವುದು ಸಾಧ್ಯವಾಗಿದೆ, ಅಷ್ಟೆ. ಹಾಗಾಗಿ ಪಾಟೀಸವಾಲಿನಲ್ಲಿ ಕೇಳಬೇಕಾದ ಪ್ರಶ್ನೆಗಳೂ ಬದಲಾಗುತ್ತವೆ. ಕಡತವನ್ನು ಮೊದಲು ತಯಾರಿಸಿದವರು ಯಾರು? ಹ್ಯಾಶ್ ತೆಗೆಯುವ ಮುನ್ನ ಅದು ಯಾರ ಕೈಯಲ್ಲಿತ್ತು? ಬಲವಾದ ಎಸ್‌ಎಚ್‌ಎ256 ಇರುವಾಗ ಎಂಡಿ5 ಯಾಕೆ ಆರಿಸಿಕೊಂಡಿರಿ? ಕಾನೂನು ಮಾತ್ರ ಓದಿದವರಿಗೆ ಈ ಪ್ರಶ್ನೆ ಹೊಳೆಯುವುದು ಕಷ್ಟ. ಕಂಪ್ಯೂಟರ್ ವಿಜ್ಞಾನ ಮಾತ್ರ ಓದಿದವರಿಗೆ ಇದು ಹೊಳೆದರೂ, ಇದರಿಂದ ಒಂದು ದಾವೆಯ ಗತಿಯೇ ತಿರುಗಬಹುದೆಂಬ ಅಂದಾಜು ಇರುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಕಡತ ಬದಲಾಗಿಲ್ಲ ಎಂಬುದಕ್ಕೆ ಹ್ಯಾಶ್ ಸಾಕ್ಷಿ. ಕಡತದಲ್ಲಿರುವುದು ನಿಜ ಎಂಬುದಕ್ಕಲ್ಲ. ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ ನಡೆದದ್ದು ಇದೇ ಅಂತರದಿಂದ ಹುಟ್ಟಿದ ದುರಂತ. ಅಲ್ಲಿ 1999ರಿಂದ ಬಳಕೆಗೆ ಬಂದ ‘ಹೊರೈಜನ್’ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ಇಲ್ಲದ ಕೊರತೆಯನ್ನು ತೋರಿಸುತ್ತಿತ್ತು. ಅದನ್ನೇ ನಂಬಿ ಉಪ ಅಂಚೆ ಕಚೇರಿ ನಡೆಸುತ್ತಿದ್ದ 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ವಂಚನೆಯ ಆರೋಪದಲ್ಲಿ ಶಿಕ್ಷೆಯಾಯಿತು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು ಎಂದು ಅಲ್ಲಿನ ನ್ಯಾಯಾಲಯಗಳು ಭಾವಿಸಿಕೊಂಡಿದ್ದವು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಲು 2024ರಲ್ಲಿ ಸಂಸತ್ತೇ ಪ್ರತ್ಯೇಕ ಕಾಯ್ದೆ ತರಬೇಕಾಯಿತು. ವಕೀಲರಲ್ಲಿ ಕೆಲವರಿಗಾದರೂ ಆ ಸಾಫ್ಟ್‌ವೇರಿನ ದೋಷಗಳ ಪಟ್ಟಿ ಕೊಡಿ ಎಂದು ಕೇಳುವ ತಿಳಿವಳಿಕೆ ಮೊದಲೇ ಇದ್ದಿದ್ದರೆ ಎಷ್ಟು ಸಂಸಾರಗಳು ಉಳಿಯುತ್ತಿದ್ದವು ಎಂದು ಯೋಚಿಸಿದರೆ ಮನಸ್ಸು ಕಲಕುತ್ತದೆ.

ತಂತ್ರಜ್ಞಾನದ ಕಾನೂನು, ಕೋಡಿಂಗ್, ಹೊಸ ಉದ್ಯಮವನ್ನು ಮುನ್ನಡೆಸುವ ವಿದ್ಯೆ ಈ ಮೂರನ್ನೂ ಒಂದೇ ಸ್ನಾತಕೋತ್ತರ ಓದಿನಲ್ಲಿ ಹೆಣೆಯುವ ಪ್ರಯತ್ನಗಳು ಈಗ ಅನೇಕ ದೇಶಗಳಲ್ಲಿ ನಡೆದಿರುವುದು ಇಂಥ ಅಗತ್ಯದಿಂದ. ಸಿಂಗಪುರದ ಮ್ಯಾನೇಜ್‌ಮೆಂಟ್ ವಿಶ್ವವಿದ್ಯಾಲಯ 2020ರಲ್ಲಿ ಪದವಿ ಹಂತದಲ್ಲೇ ಕಂಪ್ಯೂಟಿಂಗ್ ಮತ್ತು ಕಾನೂನನ್ನು ಜೋಡಿಸಿತು. ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರದ್ದೆಂದರೆ ಬೆಂಗಳೂರಿನ ಐಐಐಟಿ ರೂಪಿಸಿದ ‘ಡಿಜಿಟಲ್ ಸೊಸೈಟಿ’ ಎಂಬ ಎರಡು ವರ್ಷದ ಎಂ.ಎಸ್ಸಿ., ಮತ್ತು ರಾಷ್ಟ್ರೀಯ ಕಾನೂನು ಶಾಲೆ ದೂರಶಿಕ್ಷಣದಲ್ಲಿ ನಡೆಸುವ ಸೈಬರ್ ಕಾನೂನು ಹಾಗೂ ಸೈಬರ್ ವಿಧಿವಿಜ್ಞಾನದ ಡಿಪ್ಲೊಮಾ. ಎರಡೂ ಬೆಂಗಳೂರಿನವು. ಆದರೆ ಈ ಓದಿಗೆ ಬೇಕಾದ ಮಣ್ಣು ಕರಾವಳಿಯಲ್ಲಿ, ಅದರಲ್ಲೂ ನಿಟ್ಟೆಯ ಸುತ್ತಮುತ್ತ ಎಂದೋ ಹದವಾಗಿ ಕೂತಿದೆ.

1957ನ್ನೇ ನೋಡಿ. ಅದೇ ವರ್ಷ ಡಾ. ಟಿ.ಎಂ.ಎ. ಪೈ ಅವರ ಮುಂದಾಳತ್ವದಲ್ಲಿ ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜು, ಉಡುಪಿಯಲ್ಲಿ ಕಾನೂನು ಕಾಲೇಜು ಎರಡೂ ಹುಟ್ಟಿದವು. ಕಾನೂನು ಕಾಲೇಜಿರುವ ಕುಂಜಿಬೆಟ್ಟಿನಿಂದ ಮಣಿಪಾಲದ ಗುಡ್ಡಕ್ಕೆ ಸಿಟಿ ಬಸ್ಸಿನಲ್ಲಿ ಕೆಲವೇ ನಿಮಿಷದ ದಾರಿ. ಒಬ್ಬರೇ ಕಟ್ಟಿದ ಈ ಎರಡು ಮನೆಗಳ ನಡುವೆ ಪಾಠದ ಕೊಡುಕೊಳ್ಳುವಿಕೆ ಇರಲೇಬೇಕು ಎಂದು ಆ ಕಾಲದಲ್ಲಿ ಯಾರಿಗೂ ಅನ್ನಿಸುವಂತಿರಲಿಲ್ಲ. ಸೇತುವೆ ಕಟ್ಟುವವನಿಗೆ ಸಂವಿಧಾನ ಗೊತ್ತಿಲ್ಲದಿದ್ದರೂ ಸೇತುವೆ ನಿಲ್ಲುತ್ತಿತ್ತು. ಇಂದು ಸಾಲ ಮಂಜೂರು ಮಾಡುವ, ಕೆಲಸದಿಂದ ತೆಗೆಯುವ, ಪಿಂಚಣಿ ನಿಲ್ಲಿಸುವ ತೀರ್ಮಾನಗಳನ್ನೇ ಕೋಡ್ ಮಾಡುತ್ತಿರುವುದರಿಂದ ಹಳೆಯ ಗೋಡೆಗೆ ಅರ್ಥ ಉಳಿದಿಲ್ಲ.

ನಿಟ್ಟೆಯ ಕತೆ ಇದಕ್ಕಿಂತ ಹೆಚ್ಚು ಗಾಢವಾದದ್ದು. ಕಾರ್ಕಳ–ಪಡುಬಿದ್ರಿ ರಸ್ತೆಯ ಈ ಊರಿಗೆ ಎಂಜಿನಿಯರಿಂಗ್ ಕಾಲೇಜು ತಂದವರು ಎಂಜಿನಿಯರ್ ಅಲ್ಲ, ನ್ಯಾಯಾಧೀಶರು. ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಸದಾನಂದ ಹೆಗ್ಡೆ ವಕೀಲರಾಗಿ, ರಾಜ್ಯಸಭಾ ಸದಸ್ಯರಾಗಿ, ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾಗಿ, 1966ರಲ್ಲಿ ಹೊಸದಾಗಿ ಸ್ಥಾಪನೆಯಾದ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿಯಾಗಿ, ಮರುವರ್ಷ ಸುಪ್ರೀಂ ಕೋರ್ಟಿಗೆ ಹೋದವರು. ಕೇಶವಾನಂದ ಭಾರತಿ ಪ್ರಕರಣದ 13 ನ್ಯಾಯಮೂರ್ತಿಗಳ ಪೀಠದಲ್ಲಿ ಅವರಿದ್ದರು. 68 ದಿನ ವಾದ ನಡೆದು 1973ರ ಏಪ್ರಿಲ್ 24ರಂದು 7–6ರ ಬಹುಮತದ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಹೆಗ್ಡೆಯವರು ಬಹುಮತದ ಕಡೆಗಿದ್ದರು. ವಾರ ಕಳೆಯುವುದರೊಳಗೆ, ಸೇವಾ ಹಿರಿತನದಲ್ಲಿ ಮುಂದಿದ್ದ ಶೆಲಾಟ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು.

ಆ ಪ್ರಕರಣದ ಅರ್ಜಿದಾರರಾದ ಸ್ವಾಮೀಜಿ ಕಾಸರಗೋಡಿನ ಎಡನೀರು ಮಠದವರು. ಯಕ್ಷಗಾನದ, ಕನ್ನಡದ ಮಠ ಅದು. ದೇಶದ ಸಂವಿಧಾನಕ್ಕೆ ಗಟ್ಟಿ ತಳಪಾಯ ಹಾಕಿದ ತೀರ್ಪಿನಲ್ಲಿ ಅರ್ಜಿ ಹಾಕಿದವರೂ ತೀರ್ಪು ಬರೆದವರಲ್ಲೊಬ್ಬರೂ ಇದೇ ಕರಾವಳಿಯವರಾಗಿದ್ದರು ಎನ್ನುವುದನ್ನು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಯಾರಾದರೂ ಹೇಳಿಕೊಡಬೇಕು. ಮುಂದೆ 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದ ಹೆಗ್ಡೆಯವರು, ಆ ಹುದ್ದೆಯಲ್ಲಿದ್ದಾಗಲೇ 1979ರಲ್ಲಿ ನಿಟ್ಟೆ ಎಜುಕೇಶನ್ ಟ್ರಸ್ಟ್ ಆರಂಭಿಸಿದರು. 1986ರಲ್ಲಿ ಮಹಾಲಿಂಗ ಅಡ್ಯಂತಾಯರ ಹೆಸರಿನ ತಾಂತ್ರಿಕ ಕಾಲೇಜು ಬಂತು. ಇಂದು ಅದೇ ಊರಿನಲ್ಲಿ ಹೆಗ್ಡೆಯವರ ಹೆಸರಿನ ಮ್ಯಾನೇಜ್‌ಮೆಂಟ್ ಸಂಸ್ಥೆಯಿದೆ, ನೀತಿ ಆಯೋಗದ ಅಟಲ್ ಇನ್ನೊವೇಶನ್ ಮಿಷನ್ ನೆರವಿನ ಇನ್‌ಕ್ಯುಬೇಶನ್ ಕೇಂದ್ರವಿದೆ. ಕೋಡ್ ಬರೆಯುವವರೂ ಉದ್ಯಮ ಕಟ್ಟುವವರೂ ಒಂದೇ ಕ್ಯಾಂಟೀನಿನಲ್ಲಿ ಚಹಾ ಕುಡಿಯುವ ಜಾಗ. ಕಾನೂನು ಅಲ್ಲಿ ಸಂಸ್ಥಾಪಕರ ಬದುಕಿನಲ್ಲೇ ಇದೆ. ಅದು ಪಾಠದೊಳಗೆ ಬರುವುದಕ್ಕೆ ಇದಕ್ಕಿಂತ ಹೆಚ್ಚು ಸಹಜವಾದ ಊರು ನನಗೆ ಕಾಣುತ್ತಿಲ್ಲ.

ಇಲ್ಲಿಯವರೆಗಿನ ಪಾಠದಲ್ಲಿ ಕಾನೂನಿನ ಪಾಲು ಎಷ್ಟಿತ್ತು? ವಿಟಿಯುವಿನ 2018ರ ಪಠ್ಯಕ್ರಮದಲ್ಲಿ ಭಾರತದ ಸಂವಿಧಾನ, ವೃತ್ತಿ ನೀತಿ, ಸೈಬರ್ ಕಾನೂನು ಈ ಮೂರೂ ಸೇರಿ ಒಂದೇ ವಿಷಯ, ಅದಕ್ಕೆ ಒಂದೇ ಒಂದು ಕ್ರೆಡಿಟ್. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮುಗಿಸುವ ವಿಷಯವೆಂದೇ ಹುಡುಗರು ಅದನ್ನು ಕಾಣುತ್ತಿದ್ದರು. ಅದರಲ್ಲಿ ಹುಡುಗರ ತಪ್ಪಿಲ್ಲ. ಸರ್ವರ್, ಡೇಟಾಬೇಸ್ ಕಲಿಯುವ ತರಗತಿಯಲ್ಲಿ ಕಾನೂನಿನ ಸುದ್ದಿಯೇ ಬಾರದಿದ್ದರೆ, ಕಾನೂನಿನ ತರಗತಿಯಲ್ಲಿ ಸರ್ವರ್ ಕಾಣದಿದ್ದರೆ, ಎರಡಕ್ಕೂ ಸಂಬಂಧವಿದೆ ಎಂದು ಅವರಿಗೆ ತಿಳಿಯುವುದಾದರೂ ಹೇಗೆ?

ಸಂಬಂಧ ಎಷ್ಟು ನಿಕಟ ಎಂಬುದಕ್ಕೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯನ್ನು ತೆಗೆದುಕೊಳ್ಳೋಣ. ಅದರ ಬೇರು ಕೂಡ ಕರ್ನಾಟಕದಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ತೀರ್ಪಿನಿಂದ ಹೊರಟ ದಾರಿ ಈ ಕಾಯ್ದೆಗೆ ಬಂದು ತಲುಪಿತು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಳು 18 ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ.

ಉಡುಪಿಯಲ್ಲಿ ಇಬ್ಬರು ಗೆಳೆಯರು ಸೇರಿ ಸಣ್ಣ ಕ್ಲಿನಿಕ್‌ಗಳಿಗೆ ಟೋಕನ್ ಕೊಡುವ, ರೋಗಿಯ ವಿವರ ಇಟ್ಟುಕೊಳ್ಳುವ ಒಂದು ಆ್ಯಪ್ ಮಾಡಿದ್ದಾರೆ ಎನ್ನಿ. ಕಾಯ್ದೆ ಹೇಳುವುದು: ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಿರಬೇಕು. ಓದಲು ಒಂದೇ ಸಾಲು. ಕಾರ್ಯರೂಪಕ್ಕೆ ತರಲು ಹೊರಟರೆ ಆ್ಯಪ್‌ನ ಇಡೀ ಹಂದರವೇ ಅಲುಗುತ್ತದೆ. ರೋಗಿಯ ಹೆಸರು ಒಂದು ಕೋಷ್ಟಕದಲ್ಲಿದೆ, ಫೋನ್ ನಂಬರ್ ಎಸ್ಸೆಮ್ಮೆಸ್ ಕಳಿಸುವ ಇನ್ನೊಂದು ಕಂಪನಿಯಲ್ಲಿದೆ, ಎಕ್ಸ್‌ರೇ ಚಿತ್ರ ಬಾಡಿಗೆಯ ಕ್ಲೌಡ್‌ನಲ್ಲಿದೆ, ನಿನ್ನೆಯ ಬ್ಯಾಕಪ್ ಮತ್ತೊಂದು ಕಡೆ. ಒಪ್ಪಿಗೆ ಹಿಂತೆಗೆದುಕೊಂಡ ಮಾಹಿತಿ ಇಷ್ಟೂ ಕಡೆಗೆ ಹೋಗಿ ತಲುಪಬೇಕು. ಬೇರೆ ಕಾನೂನು ಉಳಿಸಿಕೊಳ್ಳಿ ಎನ್ನುವ ದಾಖಲೆಯನ್ನು ಮಾತ್ರ ಬಿಟ್ಟು ಮಿಕ್ಕದ್ದು ಅಳಿಯಬೇಕು. ಯಾವುದನ್ನು ಅಳಿಸಬೇಕು, ಯಾವುದನ್ನು ಉಳಿಸಬೇಕು ಎಂಬುದು ಕಾನೂನಿನ ಪ್ರಶ್ನೆ. ಅಳಿಸಿದ್ದೇವೆ ಎಂದು ತೋರಿಸಿಕೊಡುವುದು ಹೇಗೆ ಎಂಬುದು ಎಂಜಿನಿಯರಿಂಗ್ ಪ್ರಶ್ನೆ. ಇವೆರಡನ್ನೂ ಆ್ಯಪ್ ಬರೆದು ಮುಗಿಸಿದ ಮೇಲೆ ಕೇಳಿದರೆ ಅರ್ಧ ಆ್ಯಪ್ ಹೊಸದಾಗಿ ಬರೆಯಬೇಕಾಗುತ್ತದೆ. ಡೇಟಾ ಸೋರಿಕೆಯಾದರೆ ವಿವರವಾದ ವರದಿಯನ್ನು 72 ಗಂಟೆಯೊಳಗೆ ಡೇಟಾ ಸಂರಕ್ಷಣಾ ಮಂಡಳಿಗೆ ಸಲ್ಲಿಸಬೇಕು. ಸರಿಯಾದ ಭದ್ರತೆ ಇಲ್ಲದೆ ಸೋರಿಕೆಯಾಗಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಭಾಷೆಯ ವಿಷಯವೂ ಇದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಬಳಕೆದಾರರಿಗೆ ಇರಬೇಕು. ಕನ್ನಡ ಅದರಲ್ಲಿದೆ, ಕೊಂಕಣಿಯೂ ಇದೆ. ತುಳು ಇಲ್ಲ, ಬ್ಯಾರಿ ಇಲ್ಲ. ಮನೆಯಲ್ಲಿ ತುಳು ಮಾತ್ರ ಆಡುವ ಹಿರಿಯರೊಬ್ಬರು ಕ್ಲಿನಿಕ್ಕಿಗೆ ಬಂದರೆ ಅವರ ಒಪ್ಪಿಗೆ ನಿಜವಾದ ಒಪ್ಪಿಗೆಯೇ? ಕಾಯ್ದೆಯ ಅಕ್ಷರಕ್ಕೆ ತಕ್ಕಂತೆ ನಡೆದರೆ ಸಾಕು ಎನ್ನುವ ಆ್ಯಪ್ ಇಲ್ಲಿ ನಿಲ್ಲುತ್ತದೆ. ಊರನ್ನು ಬಲ್ಲ ಎಂಜಿನಿಯರ್ ತುಳುವಿನಲ್ಲಿ ಒಂದು ಧ್ವನಿಮುದ್ರಿತ ಸೂಚನೆ ಸೇರಿಸುತ್ತಾನೆ. ತುಳು–ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ ಸೇರಿದ್ದರಿಂದ ಬರಹದ ದಾರಿಯೂ ತೆರೆದಿದೆ.

ಹಾಗಾದರೆ ಕಾನೂನು ಓದಿದವರು ಎಷ್ಟು ಕೋಡಿಂಗ್ ಕಲಿಯಬೇಕು? ಸಾಫ್ಟ್‌ವೇರ್ ಕಂಪನಿಯ ಉದ್ಯೋಗಕ್ಕೆ ಬೇಕಾದಷ್ಟು ಬೇಡ. ಒಂದು ಅರ್ಜಿಯಲ್ಲಿ ತುಂಬಿದ ವಿವರ ಯಾವ ಕೋಷ್ಟಕಕ್ಕೆ ಹೋಯಿತು, ಅಲ್ಲಿಂದ ಯಾರಿಗೆ ರವಾನೆಯಾಯಿತು, ಯಾವ ಲಾಗ್‌ನಲ್ಲಿ ಅದರ ಗುರುತು ಉಳಿಯಿತು ಎಂದು ಯಾರನ್ನೂ ಕೇಳದೆ ತಾವೇ ಹಿಂಬಾಲಿಸಿ ಹೋಗುವಷ್ಟು ಬೇಕು. ಅದಕ್ಕೆ ಸ್ವಲ್ಪ ಪೈಥಾನ್, ಸ್ವಲ್ಪ ಎಸ್‌ಕ್ಯುಎಲ್, ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಎಂದು ತೋರಿಸುವ ಗಿಟ್ ಇವುಗಳ ಒಳ್ಳೆಯ ಅಭ್ಯಾಸ ಇದ್ದರೆ ನಡೆಯುತ್ತದೆ. ಇದಕ್ಕಿಂತ ಕಷ್ಟವಾದದ್ದು ಇನ್ನೊಂದಿದೆ: ಕಾನೂನಿನ ವಾಕ್ಯವನ್ನು ಕೋಡ್ ಆಗಿ ಬರೆಯುವಾಗ ಏನು ಕಳೆದುಹೋಗುತ್ತದೆ ಎಂದು ಕಂಡುಕೊಳ್ಳುವುದು.

ನಿಟ್ಟೆಯ ಕಾಲೇಜು ಶುರುವಾದ 1986ರಲ್ಲೇ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮಾರೆಕ್ ಸೆರ್ಗೊ, ರಾಬರ್ಟ್ ಕೊವಾಲ್‌ಸ್ಕಿ ಮತ್ತು ಅವರ ಸಂಗಡಿಗರು ಬ್ರಿಟನ್ನಿನ 1981ರ ಪೌರತ್ವ ಕಾಯ್ದೆಯನ್ನು ಪ್ರೊಲಾಗ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಆಗಿ ಬರೆದು ಪ್ರಕಟಿಸಿದರು. ಕಾನೂನನ್ನು ಹೀಗೆ ಬರೆಯಬಹುದು ಎಂಬುದಷ್ಟೇ ಅಲ್ಲ, ಬರೆಯಲು ಕೂತಾಗ ಮೂಲದ ಮಾತುಗಳು ಎಲ್ಲೆಲ್ಲಿ ಅಸ್ಪಷ್ಟ ಎಂಬುದೂ ಅದರಿಂದ ಬಯಲಾಯಿತು. ನಮ್ಮಲ್ಲಿ ಇದಕ್ಕೆ ಹತ್ತಿರದ ದೊಡ್ಡ ಅನುಭವ ‘ಭೂಮಿ’ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಈ ಶತಮಾನದ ಆರಂಭದಲ್ಲಿ ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಆರ್‌ಟಿಸಿ ಕೈಗೆ ಸಿಗುವಂತೆ ಮಾಡಿದ ಕೆಲಸ ಅದು. ಅದರಲ್ಲಿ ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು ಎಂಬುದನ್ನು ಸಾಫ್ಟ್‌ವೇರಿನಲ್ಲೇ ಬಿಗಿದಿದ್ದರು. ಹಿಂದಿನದನ್ನು ಮುಂದೆ ತಳ್ಳುವ, ಮುಂದಿನದನ್ನು ಹಿಂದೆ ಸರಿಸುವ ಅವಕಾಶ ಗುಮಾಸ್ತರ ಕೈತಪ್ಪಿತು. ಯಾವ ಸುತ್ತೋಲೆಗೂ ಸಾಧ್ಯವಾಗದ್ದನ್ನು ಕೋಡಿನ ಒಂದು ಸರದಿ ಸಾಧಿಸಿತು. ಅಮೆರಿಕದ ಪ್ರಾಧ್ಯಾಪಕ ಲಾರೆನ್ಸ್ ಲೆಸ್ಸಿಗ್ 1999ರ ತಮ್ಮ ಪುಸ್ತಕದಲ್ಲಿ ಕೋಡ್ ಕೂಡ ಕಾನೂನಿನ ಹಾಗೆಯೇ ಜನರ ನಡೆಯನ್ನು ಕಟ್ಟುತ್ತದೆ ಎಂದು ವಾದಿಸಿದ್ದರು. ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ ಕಾದು ಕೂತು ಅಭ್ಯಾಸವಿದ್ದವರಿಗೆ ಅದು ಅನುಭವದಿಂದಲೇ ಗೊತ್ತಾಯಿತು.

ಇದೇ ಶಕ್ತಿ ಕೆಟ್ಟ ದಾರಿ ಹಿಡಿದಾಗ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯದ ‘ರೋಬೊಡೆಟ್’ ಇದೆ. ಅಲ್ಲಿ ಸರ್ಕಾರದ ಸಹಾಯಧನ ಪಡೆಯುವವರ ಅರ್ಹತೆ ಎರಡು ವಾರಕ್ಕೊಮ್ಮೆಯ ಸಂಪಾದನೆಯ ಮೇಲೆ ನಿಲ್ಲುತ್ತಿತ್ತು. ಸಾಫ್ಟ್‌ವೇರ್ ತೆರಿಗೆ ಇಲಾಖೆಯಿಂದ ಇಡೀ ವರ್ಷದ ಆದಾಯ ತಂದು ಅದನ್ನು 26 ಸಮಭಾಗ ಮಾಡಿತು. ಆರು ತಿಂಗಳು ಕೆಲಸವಿದ್ದು ಆರು ತಿಂಗಳು ಇಲ್ಲದವರು, ಕೆಲಸವಿಲ್ಲದ ದಿನಗಳಲ್ಲೂ ಸಂಪಾದಿಸಿ ಸುಳ್ಳು ಹೇಳಿದಂತೆ ಆ ಲೆಕ್ಕದಲ್ಲಿ ಕಂಡಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ಇಲ್ಲದ ಬಾಕಿಯ ನೋಟಿಸು ಹೋಯಿತು. ಅದರ ತನಿಖೆಗೆಂದೇ ನೇಮಿಸಿದ ರಾಯಲ್ ಕಮಿಷನ್ 2023ರ ಜುಲೈನಲ್ಲಿ ವರದಿ ಕೊಟ್ಟಿತು. ಭಾಗಾಕಾರದಲ್ಲಿ ಗಣಿತದ ತಪ್ಪು ಇರಲಿಲ್ಲ. ಹಾಗೆ ಭಾಗಿಸಲು ಕಾನೂನಿನ ಆಧಾರ ಇರಲಿಲ್ಲ. ಆ ಒಂದು ಸಾಲು ಕೋಡನ್ನು ಕಾನೂನಿನ ಪಕ್ಕದಲ್ಲಿಟ್ಟು ಓದಿ, ಇದು ನಡೆಯದು ಎಂದು ಹೇಳಿ, ಹೇಳಿದ ಮಾತು ನಡೆಯುವಂಥ ಜಾಗದಲ್ಲಿ ಒಬ್ಬರು ಇರಬೇಕಿತ್ತು.

ಕಾನೂನು, ಕೋಡಿಂಗ್, ನಾವೀನ್ಯದ ನಾಯಕತ್ವ ಈ ಮೂರರಲ್ಲಿ ಅತ್ಯಂತ ಜಾಳಾಗಿ ಕೇಳುವ ಕೊನೆಯ ಮಾತಿಗೆ ನಾನು ಕೊಡುವ ಅರ್ಥ ಅದೇ. ಭಾಷಣದ ಕಲೆ, ಹೂಡಿಕೆದಾರರ ಮುಂದೆ ಸ್ಲೈಡ್ ತೋರಿಸುವ ಕಲೆ ಕಲಿಸುವುದು ಅದಕ್ಕೆ ಸಾಲದು. ಹೊಸದನ್ನು ಹುಟ್ಟಿಸಿದವರು ಅದರಿಂದ ಯಾರ ಮೇಲೆ ಯಾವ ಭಾರ ಬೀಳುತ್ತದೆ ಎಂದು ಮುಂಚೆಯೇ ನೋಡುವುದು ನಾಯಕತ್ವ.

ಇದಕ್ಕೆ ಪಾಠ ಬೇಕಾದರೆ ಉಡುಪಿಯವರು ಹಾರ್ವರ್ಡಿಗೆ ಹೋಗಬೇಕಿಲ್ಲ. 1925ರಲ್ಲಿ ಇಲ್ಲೇ ಹುಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಉಳಿಸುವ ಮೀನು ಮಾರುವವರ, ನೇಕಾರರ, ಬೀಡಿ ಕಟ್ಟುವವರ ಮನೆಬಾಗಿಲಿಗೆ ಬ್ಯಾಂಕೇ ಹೋಯಿತು. ಭಾರತದ ಹಣಕಾಸಿನ ದೊಡ್ಡ ನಾವೀನ್ಯಗಳಲ್ಲಿ ಅದೊಂದು ಎಂದು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಬಿಸಿಲಲ್ಲಿ ಮನೆಮನೆ ತಿರುಗಿದ ಪಿಗ್ಮಿ ಕಲೆಕ್ಟರ್ ಯಾರು? ಸಂಬಳವಿಲ್ಲ, ಕಮಿಷನ್ ಮಾತ್ರ. ಬ್ಯಾಂಕಿನ ನೌಕರನೋ, ಸ್ವತಂತ್ರ ಏಜೆಂಟನೋ? ಈ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 2001ರಲ್ಲಿ, ಪಿಗ್ಮಿ ಹುಟ್ಟಿ 73 ವರ್ಷಗಳ ಮೇಲೆ. ಕೈಗಾರಿಕಾ ವಿವಾದ ಕಾಯ್ದೆಯ ದೃಷ್ಟಿಯಲ್ಲಿ ಠೇವಣಿ ಸಂಗ್ರಹಿಸುವವರೂ ಕಾರ್ಮಿಕರೇ, ಅವರ ಕಮಿಷನ್ ಕೂಡ ಕೂಲಿಯೇ ಎಂದು ನ್ಯಾಯಾಲಯ ಹೇಳಿತು. ಬ್ಯಾಂಕಿನ ಕಾಯಂ ಸಿಬ್ಬಂದಿಗೆ ಸಮ ಎಂದು ಮಾತ್ರ ಹೇಳಲಿಲ್ಲ.

ಇಂದು ಮಣಿಪಾಲದ ರಸ್ತೆಗಳಲ್ಲಿ ಊಟದ ಪೊಟ್ಟಣ ಹೊತ್ತು ಸ್ಕೂಟರಿನಲ್ಲಿ ಓಡುವ ಹುಡುಗರದ್ದು ಅದೇ ಪ್ರಶ್ನೆ. ವ್ಯತ್ಯಾಸವೆಂದರೆ ಪಿಗ್ಮಿ ಕಲೆಕ್ಟರಿಗೆ ಮೇಲೊಬ್ಬ ಮ್ಯಾನೇಜರ್ ಇದ್ದ, ಹೋಗಿ ಜಗಳವಾದರೂ ಆಡಬಹುದಿತ್ತು. ಇವರಿಗೆ ಆರ್ಡರ್ ಕೊಡುವುದು, ರೇಟು ಇಳಿಸುವುದು, ಖಾತೆ ಮುಚ್ಚುವುದು ಆ್ಯಪ್. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಕರಾರು ಬದಲಿಸುವ ಮುನ್ನ 14 ದಿನ ಮೊದಲು ತಿಳಿಸಬೇಕು. ದುಡಿಮೆಯ ಮೇಲೆ ಪರಿಣಾಮ ಬೀರುವ ಸ್ವಯಂಚಾಲಿತ ನಿರ್ಧಾರ ವ್ಯವಸ್ಥೆಗಳ ಬಗ್ಗೆ ಕಾರ್ಮಿಕರಿಗೆ ಮಾಹಿತಿ ಕೊಡಬೇಕು. ಕಂಪನಿ ಕೊಟ್ಟ ಮಾಹಿತಿ ನಿಜವೇ ಎಂದು ಪರೀಕ್ಷಿಸುವ ಅಧಿಕಾರಿ ಯಾರು? ಕಾರ್ಮಿಕ ಇಲಾಖೆಯಲ್ಲಿ ಹಾಜರಿ ಪುಸ್ತಕ ನೋಡಿ ಅಭ್ಯಾಸವಿದೆ. ಅಲ್ಗಾರಿದಮ್ಮಿನ ಲಾಗ್ ಓದಬಲ್ಲವರನ್ನು ಇನ್ನು ತಯಾರು ಮಾಡಬೇಕು. ಈ ಕಾಯ್ದೆ ಕಾಗದದಲ್ಲೇ ಉಳಿಯದಿರಲು ಇಂಥ ಓದು ಮುಗಿಸಿದ ಕೆಲವು ಡಜನ್ ಜನ ನಮಗೆ ತುರ್ತಾಗಿ ಬೇಕು.

ಇನ್ನೊಂದು ಬಗೆಯ ನಾಯಕತ್ವವೂ ಮಣಿಪಾಲದಲ್ಲೇ ಇದೆ. ಕನ್ನಡ ಗಣಕೀಕರಣದ ಹಿರಿಯರಾದ, ಮಣಿಪಾಲದಲ್ಲಿ ನೆಲೆಸಿದ ಕೆ.ಪಿ. ರಾವ್ ಅವರು ಕನ್ನಡವನ್ನು ಉಚ್ಚರಿಸಿದ ಹಾಗೇ ಬೆರಳಚ್ಚಿಸುವ ಕೀಲಿಮಣೆ ವಿನ್ಯಾಸ ರೂಪಿಸಿ, ಹಕ್ಕುಸ್ವಾಮ್ಯದ ಬೇಲಿ ಹಾಕದೆ ಎಲ್ಲರಿಗೂ ಬಿಟ್ಟುಕೊಟ್ಟರು. ರಾಜ್ಯ ಸರ್ಕಾರದ ಅಧಿಕೃತ ವಿನ್ಯಾಸಕ್ಕೆ ಅದೇ ಆಧಾರವಾಯಿತು. ಬೇಲಿ ಹಾಕಿದ್ದರೆ ಕನ್ನಡದ ಟೈಪಿಂಗ್ ಹತ್ತು ತುಂಡಾಗುತ್ತಿತ್ತೇನೋ. ಇನ್ನೊಂದು ಕಡೆ, ಉಡುಪಿಯಲ್ಲೇ 1996ರಲ್ಲಿ ಹುಟ್ಟಿ ಮುಂದೆ ಜಪಾನಿನ ಕಂಪನಿಯ ತೆಕ್ಕೆಗೆ ಸೇರಿದ ರೋಬೊಸಾಫ್ಟ್‌ನಂಥ ಉದ್ಯಮಕ್ಕೆ ತನ್ನ ಕೋಡಿನ ಮೇಲಿನ ಹಕ್ಕೇ ಆಸ್ತಿ. ಭಾರತದ ಕಾನೂನಿನಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯೆಂದು ಕೃತಿಸ್ವಾಮ್ಯದ ರಕ್ಷಣೆ ಪಡೆಯುತ್ತದೆ. ಬರೀ ಪ್ರೋಗ್ರಾಂಗೆ ಪೇಟೆಂಟ್ ಸಿಗದು. ಯಾವಾಗ ಬಿಟ್ಟುಕೊಡಬೇಕು, ಯಾವಾಗ ಕಾಪಾಡಿಕೊಳ್ಳಬೇಕು ಎಂಬ ವಿವೇಕ ಬರಬೇಕಾದರೆ ಈ ಎರಡೂ ಕತೆಗಳನ್ನು ಒಂದೇ ತರಗತಿಯಲ್ಲಿ ಚರ್ಚಿಸಬೇಕು.

ಓದಲು ಹೊರಟ ಮಕ್ಕಳಿಗೂ ಅವರ ತಂದೆತಾಯಿಗೂ ದಾರಿಯ ವಿವರ ಬೇಕಲ್ಲ. ಎಂಜಿನಿಯರಿಂಗ್ ಮುಗಿಸಿದವರು ನೇರವಾಗಿ ಎಲ್‌ಎಲ್‌ಎಂ ಸೇರುವಂತಿಲ್ಲ, ಅದಕ್ಕೆ ಕಾನೂನು ಪದವಿಯೇ ಬೇಕು. ಮೂರು ವರ್ಷದ ಎಲ್‌ಎಲ್‌ಬಿ ಮಾಡಿದರೆ ವಕೀಲಿಕೆಯ ದಾರಿಯೂ ತೆರೆಯುತ್ತದೆ. ವಕೀಲಿಕೆ ಬೇಡ, ನೀತಿ ನಿರೂಪಣೆಯೋ ಕಂಪನಿಯ ಡೇಟಾ ಹೊಣೆಗಾರಿಕೆಯೋ ಸಾಕು ಎನ್ನುವವರಿಗೆ ಮಿಶ್ರ ಎಂ.ಎಸ್ಸಿ. ಅಥವಾ ಡಿಪ್ಲೊಮಾ ಸರಿ. ಒಂದು ಹಳೆಯ, ಹೆಚ್ಚು ಜನ ಗಮನಿಸದ ಕವಲೂ ಇದೆ. ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಲು 1970ರ ಕಾಯ್ದೆ ಕೇಳುವುದು ವಿಜ್ಞಾನ ಅಥವಾ ತಂತ್ರಜ್ಞಾನದ ಪದವಿಯನ್ನು, ಕಾನೂನು ಪದವಿಯನ್ನಲ್ಲ. ಎಂಜಿನಿಯರು ಕಾನೂನು ಓದಬೇಕು ಎಂಬ ವಿಚಾರ ಆ ಕಾಯ್ದೆಯಲ್ಲೂ ಇದೆ. ಅಡ್ಡಿ ಇರುವುದು ನಿಯಂತ್ರಣ ಸಂಸ್ಥೆಗಳ ಹಂಚಿಕೆಯಲ್ಲಿ: ಕಾನೂನಿಗೆ ಬಾರ್ ಕೌನ್ಸಿಲ್, ತಾಂತ್ರಿಕ ಶಿಕ್ಷಣಕ್ಕೆ ಎಐಸಿಟಿಇ, ಉಳಿದದ್ದಕ್ಕೆ ಯುಜಿಸಿ. ಮೂರಕ್ಕೂ ಸಲ್ಲುವ ಪಠ್ಯಕ್ರಮ ಕಟ್ಟಲು ವಿಶ್ವವಿದ್ಯಾಲಯಗಳಿಗೆ ಧೈರ್ಯ ಬೇಕು.

ಅಂಥ ಓದು ನಿಟ್ಟೆಯ ಸುತ್ತ ಬೆಳೆಯುವುದಾದರೆ ಅದರ ಪ್ರಯೋಗಶಾಲೆ ಕಾಲೇಜಿನ ಹೊರಗೇ ಇದೆ. ಶಂಕರಪುರದ ಮಲ್ಲಿಗೆಯ ದಿನದ ದರ, ‘ಅಟ್ಟೆ’ಗೆ ಇಷ್ಟು ಎಂದು, ಕಾಪು ಸುತ್ತಲಿನ ಸಾವಿರಾರು ಮನೆಗಳ ಆ ದಿನದ ಗಳಿಕೆಯನ್ನು ತೀರ್ಮಾನಿಸುತ್ತದೆ. ಅದನ್ನು ಆ್ಯಪ್‌ಗೆ ತಂದರೆ ಆ ದತ್ತಾಂಶ ಯಾರದ್ದು, ದರ ನಿಗದಿಯಲ್ಲಿ ಬೆಳೆಗಾರರ ಮಾತು ಎಷ್ಟು ಎಂದು ವಿದ್ಯಾರ್ಥಿಗಳು ಬೆಳೆಗಾರರೊಂದಿಗೆ ಕೂತು ಬರೆಯಬಹುದು. ಸಹಕಾರಿ ಸಂಘಗಳು, ಸಣ್ಣ ಕ್ಲಿನಿಕ್‌ಗಳು, ಶಾಲೆಗಳು 2027ರ ಮೇ ಹೊತ್ತಿಗೆ ಡೇಟಾ ಕಾಯ್ದೆಗೆ ಸಿದ್ಧವಾಗಬೇಕು. ಬೆಂಗಳೂರಿನ ಸಲಹಾ ಕಂಪನಿಗಳ ಶುಲ್ಕ ಕೊಡುವ ಶಕ್ತಿ ಅವುಗಳಲ್ಲಿ ಬಹುತೇಕಕ್ಕೆ ಇಲ್ಲ. ಕಾನೂನು ಕಾಲೇಜುಗಳಲ್ಲಿ ಉಚಿತ ಕಾನೂನು ನೆರವು ಕೇಂದ್ರ ಇರುವ ಹಾಗೆ ಉಚಿತ ಡೇಟಾ ನೆರವು ಕೇಂದ್ರವೊಂದು ನಿಟ್ಟೆಯಲ್ಲೋ ಉಡುಪಿಯಲ್ಲೋ ಇದ್ದರೆ, ಕಲಿಯುವವರಿಗೂ ಊರಿಗೂ ಅದರಿಂದ ಪ್ರಯೋಜನ.

ಇಂಥ ಕೋರ್ಸಿಗೆ ಸೇರುವ ಮುನ್ನ, ಅದು ಎಲ್ಲಿಯದೇ ಇರಲಿ, ಕೇಳಬೇಕಾದ ಪ್ರಶ್ನೆಗಳನ್ನು ಪ್ರವೇಶದ ಮೇಜಿನ ಮುಂದೆಯೇ ಕೇಳಿಬಿಡಿ. ಕೊನೆಯ ಸೆಮಿಸ್ಟರಿನಲ್ಲಿ ಬರೀ ಪ್ರಬಂಧವೋ, ಅಥವಾ ಯಾರಾದರೂ ನಿಜವಾಗಿ ಬಳಸುವ ಒಂದು ವ್ಯವಸ್ಥೆಯೋ? ಅದಕ್ಕೆ ಅಂಕ ಕೊಡುವಾಗ ವಕೀಲರೊಬ್ಬರು, ಎಂಜಿನಿಯರೊಬ್ಬರು ಒಟ್ಟಿಗೆ ಕೂರುತ್ತಾರೆಯೇ? ಕಲಿಸುವವರಲ್ಲಿ ನ್ಯಾಯಾಲಯದಲ್ಲಿ ನಿಂತು ವಾದಿಸಿದವರಿದ್ದಾರೆಯೇ, ರಾತ್ರಿ ಎರಡು ಗಂಟೆಗೆ ಬಿದ್ದ ಸರ್ವರ್ ಎಬ್ಬಿಸಿದವರಿದ್ದಾರೆಯೇ? ತೀರ್ಪುಗಳನ್ನು ಪೂರ್ತಿ ಓದಿಸುತ್ತಾರೋ, ಸಾರಾಂಶ ಕೊಡುತ್ತಾರೋ? ಬೇರೆಯವರು ಬರೆದ ಕೋಡನ್ನು ಓದಿ ತಪ್ಪು ಹುಡುಕುವ ಅಭ್ಯಾಸವಿದೆಯೇ? ಇವುಗಳಿಗೆ ನೇರ ಉತ್ತರ ಕೊಡುವ ಸಂಸ್ಥೆ ಹೊಸದಾದರೂ, ಸಣ್ಣದಾದರೂ, ಅಲ್ಲಿ ಎರಡು ವರ್ಷ ಹಾಕಬಹುದು.